ಗೇಟ್ ಲೈಟಿಗೆ ಸ್ಮಾರ್ಟ್ ಸ್ವಿಚ್: ಗೋಡೆಯ ಸ್ವಿಚ್ಚೂ ಉಳಿಯುವ ಹಾಗೆ ವೈರಿಂಗ್ ಮಾಡುವುದು ಹೇಗೆ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಗೇಟಿನ ಲೈಟು, ಅಂಗಳದ ಲೈಟು, ಕೊಟ್ಟಿಗೆ ದಾರಿಯ ಲೈಟು, ಮೂರಕ್ಕೂ ಸ್ವಿಚ್ ಇರುವುದು ಜಗಲಿಯ ಒಂದೇ ಬೋರ್ಡಿನಲ್ಲಿ. ಅಪ್ಪ ಅಮ್ಮ ಮದುವೆಗೋ ಆಸ್ಪತ್ರೆಗೋ ಹೋಗಿ ಎರಡು ದಿನ ಮನೆ ಬೀಗ ಹಾಕಿದರೆ ಒಂದೋ ಲೈಟು ಹಗಲೂ ರಾತ್ರಿ ಉರಿಯುತ್ತಿತ್ತು, ಇಲ್ಲ ಅಂಗಳ ಪೂರ್ತಿ ಕತ್ತಲೆ. ಮಳೆಗಾಲದಲ್ಲಿ ಕತ್ತಲೆ ಅಂಗಳಕ್ಕೆ ಕಾಲಿಡುವುದು ಎಂದರೆ ಹಾವಿನ ಹೆದರಿಕೆ ಬೇರೆ. ಹಾಗಾಗಿ ಫೋನಿನಿಂದಲೂ ಲೈಟು ಹತ್ತಿಸಿ ಆರಿಸಬಹುದಾದ ಸ್ಮಾರ್ಟ್ ಸ್ವಿಚ್ ಹಾಕಿದೆವು. ಅದಾದ ಮೇಲೆ ಬೆಂಗಳೂರಿನ ಮನೆಗೂ ಹಾಕಿದೆ, ನೆಂಟರ ಮನೆಗಳಲ್ಲೂ ಜೊತೆ ನಿಂತು ಹಾಕಿಸಿದೆ. ಅಲ್ಲೆಲ್ಲ ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲೇ ಒಂದು ಮಾತು. ಸ್ಮಾರ್ಟ್ ಸ್ವಿಚ್ ಹಾಕಿದ ಮೇಲೂ ಗೋಡೆಯ ಸ್ವಿಚ್ ಮೊದಲಿನಂತೆ ಕೆಲಸ ಮಾಡಬೇಕು. ಫೋನ್ ಇಲ್ಲದವರು, ಇಂಟರ್ನೆಟ್ ಇಲ್ಲದ ಹೊತ್ತು, ನಡುರಾತ್ರಿ ನಾಯಿ ಬೊಗಳಿದಾಗ ಎದ್ದು ಬರುವ ಅಮ್ಮ, ಇವರೆಲ್ಲರಿಗೂ ಗೋಡೆ ಮೇಲೆ ಕೈ ಇಟ್ಟರೆ ಲೈಟು ಹತ್ತಬೇಕು. ಯಾವ ಮಾಡ್ಯೂಲ್ (ಸ್ಮಾರ್ಟ್ ಸ್ವಿಚ್ಚಿನ ಪುಟ್ಟ ಡಬ್ಬಿ) ಕೊಳ್ಳಬೇಕು, ಎಲ್ಲಿ ಕೂರಿಸಬೇಕು, ಹೇಗೆ ಕನೆಕ್ಷನ್ ಕೊಡಬೇಕು ಎಲ್ಲವನ್ನೂ ನಾನು ಇದೊಂದರ ಮೇಲೆಯೇ ತೀರ್ಮಾನಿಸುತ್ತೇನೆ. ಸ್ಮಾರ್ಟ್ ಬಲ್ಬ್ ಬೇಡ ಎನ್ನುವುದೂ ಇದೇ ಕಾರಣಕ್ಕೆ. ಯಾರೋ ಅಭ್ಯಾಸಬಲದಿಂದ ಗೋಡೆಯ ಸ್ವಿಚ್ ಆಫ್ ಮಾಡಿದರೆ ಆ ಬಲ್ಬಿಗೆ ಕರೆಂಟೇ ಇಲ್ಲ. ಫೋನಿನಲ್ಲಿ ಎಷ್ಟು ಒತ್ತಿದರೂ ಹತ್ತುವುದಿಲ್ಲ.

ಇನ್ನೊಂದು ಮಾತು, ಇದು ಇನ್ನೂ ಮುಖ್ಯ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ತಂತಿ ಬಿಚ್ಚಿ ಕಟ್ಟಿ ರೂಢಿ ಇಲ್ಲದವರು ಈ ಲೇಖನವನ್ನು ಎಲೆಕ್ಟ್ರಿಷಿಯನ್ ಜೊತೆ ನಿಂತು ಸರಿಯಾಗಿ ಕೆಲಸ ಮಾಡಿಸಿಕೊಳ್ಳಲು ಬಳಸಿ. ಹೊಸ ಲೈನ್ ಎಳೆಯುವುದಂತೂ ಪರವಾನಗಿ ಇರುವವರ ಕೆಲಸವೇ.

ಮೊದಲು ಮನೆಯ ವೈರಿಂಗ್ ನೋಡಿಕೊಳ್ಳಿ

ಅಂಗಡಿಗೆ ಹೋಗುವ ಮೊದಲು ಒಂದು ಸಂಜೆ ಕಾಗದ ಪೆನ್ನು ಹಿಡಿದು ಕೂರಿ. ಯಾವ ಸ್ವಿಚ್ ಒತ್ತಿದರೆ ಹೊರಗಿನ ಯಾವ ಲೈಟು ಹತ್ತುತ್ತದೆ, ಒಟ್ಟು ಎಷ್ಟು ವ್ಯಾಟ್, ಆ ಬೋರ್ಡಿನಲ್ಲಿ ಪ್ಲಗ್ ಪಾಯಿಂಟ್ ಇದೆಯಾ ಎಂದು ಬರೆದುಕೊಳ್ಳಿ. ಆಮೇಲೆ ಡಿಬಿ ಬಾಕ್ಸಿನಲ್ಲಿ (ಮನೆಯ ಎಲ್ಲ ಲೈನುಗಳು ಹೊರಡುವ ಪೆಟ್ಟಿಗೆ) ಒಂದೊಂದೇ ಎಂಸಿಬಿ, ಅಂದರೆ ಒಂದೊಂದು ಲೈನಿನ ಸ್ವಿಚ್, ಕೆಳಗಿಳಿಸಿ, ಯಾವುದಕ್ಕೆ ಹೊರಗಿನ ಲೈಟು ಆರುತ್ತದೆ ನೋಡಿ. ಅದರ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ.

ಮನೆಯಲ್ಲಿ ಯುಪಿಎಸ್ ಇದ್ದರೆ ಇನ್ನೊಂದು ಪರೀಕ್ಷೆ ಬೇಕು. ಮೇನ್ ಆಫ್ ಮಾಡಿ ನೋಡಿ. ಆಗಲೂ ಹೊರಗಿನ ಲೈಟು ಉರಿಯುತ್ತಿದ್ದರೆ ಅದು ಯುಪಿಎಸ್ ಲೈನಿನಲ್ಲಿದೆ. ಗೇಟ್ ಲೈಟು ಯುಪಿಎಸ್‌ನಲ್ಲಿ ಇರುವುದು ಸಾಮಾನ್ಯ. ಮೇನ್ ಇಳಿಸಿದೆ, ಇನ್ನೇನು ಭಯ ಇಲ್ಲ ಎಂದು ಬೋರ್ಡಿಗೆ ಕೈ ಹಾಕಿದವರಿಗೆ ಶಾಕ್ ಹೊಡೆಯುವುದು ಇಲ್ಲಿಯೇ. ಮೇನ್ ಇಳಿದರೂ ಬ್ಯಾಟರಿಯಿಂದ ಅದೇ 230 ವೋಲ್ಟ್ ಬರುತ್ತಿರುತ್ತದೆ.

ಲೋಡ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. 9 ವ್ಯಾಟಿನ ಆರು ಎಲ್‌ಇಡಿ ಬಲ್ಬು, 30 ವ್ಯಾಟಿನ ಒಂದು ಫ್ಲಡ್ ಲೈಟು ಸೇರಿದರೆ 84 ವ್ಯಾಟ್. 230 ವೋಲ್ಟಿನಲ್ಲಿ ಅದು ಅರ್ಧ ಆಂಪಿಯರ್ ಕೂಡ ಆಗುವುದಿಲ್ಲ. ಮಾಡ್ಯೂಲುಗಳು ಸಾಮಾನ್ಯವಾಗಿ 10 ಅಥವಾ 16 ಆಂಪಿಯರ್‌ನವು. ಆದರೂ ಎಲ್‌ಇಡಿ ಫ್ಲಡ್ ಲೈಟುಗಳು ಹತ್ತುವ ಆ ಒಂದು ಕ್ಷಣದಲ್ಲಿ ಹಲವು ಪಟ್ಟು ಕರೆಂಟು ಎಳೆಯುತ್ತವೆ. ಮಾಡ್ಯೂಲಿನ ಒಳಗೆ ಲೈಟು ಹತ್ತಿಸಿ ಆರಿಸುವ ರಿಲೇ ಅಂಟಿಕೊಂಡು ಲೈಟು ಆರದೇ ಉಳಿಯುವುದು ಇದರಿಂದಲೇ. ದೊಡ್ಡ ಫ್ಲಡ್ ಲೈಟುಗಳು ನಾಲ್ಕಾರು ಇದ್ದರೆ ಮಾಡ್ಯೂಲಿನಿಂದ ಕಾಂಟ್ಯಾಕ್ಟರ್ (ಜಾಸ್ತಿ ಕರೆಂಟು ಹೊರುವ ದೊಡ್ಡ ರಿಲೇ) ಓಡಿಸಿ, ಕಾಂಟ್ಯಾಕ್ಟರಿನಿಂದ ಲೈಟು ಹತ್ತಿಸುವುದು ಸರಿ. ಅದೇ ಮಾಡ್ಯೂಲಿಗೆ ಬಾವಿಯ ಮೋಟಾರನ್ನೂ ಸೇರಿಸೋಣ ಎಂಬ ಆಸೆ ಮಾತ್ರ ಖಂಡಿತ ಬೇಡ.

ನ್ಯೂಟ್ರಲ್ ಹುಡುಕುವುದು

ಇಡೀ ಕೆಲಸದ ಕಷ್ಟವೆಲ್ಲ ಇಲ್ಲಿದೆ. ಸ್ವಲ್ಪ ನಿಧಾನವಾಗಿ ಓದಿ.

ಮಾಮೂಲಿ ಸ್ವಿಚ್ಚಿಗೆ ಎರಡೇ ತಂತಿ. ಒಂದರಲ್ಲಿ ಫೇಸ್, ಅಂದರೆ ಕರೆಂಟು, ಬರುತ್ತದೆ, ಇನ್ನೊಂದರಲ್ಲಿ ಲೈಟಿಗೆ ಹೋಗುತ್ತದೆ. ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ತಂತಿ) ನೇರವಾಗಿ ಲೈಟಿಗೇ ಹೋಗಿರುತ್ತದೆ, ಸ್ವಿಚ್ಚಿಗೆ ಅದರ ಅಗತ್ಯವೇ ಇಲ್ಲ. ಆದರೆ ಸ್ಮಾರ್ಟ್ ಮಾಡ್ಯೂಲಿನ ಒಳಗೆ ಒಂದು ಪುಟ್ಟ ವೈಫೈ ಸರ್ಕ್ಯೂಟ್ ಇದೆ. ಲೈಟು ಆರಿದ್ದಾಗಲೂ ಅದು ಎಚ್ಚರವಾಗಿರಬೇಕು. ಅದಕ್ಕೆ ಫೇಸ್ ಜೊತೆ ನ್ಯೂಟ್ರಲ್ ಕೂಡ ಬೇಕು.

ನಮ್ಮ ಕಡೆಯ ಮನೆಗಳಲ್ಲಿ ಒಂದು ಅನುಕೂಲ ಇದೆ. ಸ್ವಿಚ್ ಬೋರ್ಡಿನಲ್ಲೇ ಒಂದು ಪ್ಲಗ್ ಪಾಯಿಂಟ್ ಇಡುವುದು ನಮ್ಮಲ್ಲಿ ರೂಢಿ. ಪ್ಲಗ್ ಪಾಯಿಂಟ್ ಇದೆ ಎಂದರೆ ಅಲ್ಲಿಗೆ ನ್ಯೂಟ್ರಲ್ ಬಂದಿದೆ ಎಂದೇ ಅರ್ಥ. ಎದುರಿಗೆ ನಿಂತು ನೋಡಿದರೆ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಹೀಗೆಯೇ ಕೊಟ್ಟಿರುತ್ತಾರೆ ಎಂದು ನಂಬಬೇಡಿ, ಪರೀಕ್ಷೆ ಮಾಡಿ. ಬಣ್ಣವನ್ನೂ ನಂಬಬೇಡಿ. ನಿಯಮದ ಪ್ರಕಾರ ಕೆಂಪು, ಹಳದಿ, ನೀಲಿ ಫೇಸ್‌ಗೆ, ಕಪ್ಪು ನ್ಯೂಟ್ರಲ್‌ಗೆ, ಹಸಿರು ಅರ್ಥ್‌ಗೆ. ಹಳೆಯ ಮನೆಗಳಲ್ಲಿ ಕೈಗೆ ಸಿಕ್ಕ ತುಂಡನ್ನೇ ಎಳೆದಿರುತ್ತಾರೆ.

ಪರೀಕ್ಷೆಗೆ ಮಲ್ಟಿಮೀಟರ್ ಬೇಕು. ಎಸಿ ವೋಲ್ಟ್‌ಗೆ ತಿರುಗಿಸಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಇಟ್ಟರೆ 230ರ ಆಸುಪಾಸು ತೋರಿಸಬೇಕು. ಬರೀ ಟೆಸ್ಟರ್ ಸಾಲದು. ಪಕ್ಕದ ತಂತಿಯ ಪ್ರಭಾವದಿಂದಲೇ ಟೆಸ್ಟರಿನ ದೀಪ ಮಿಣಮಿಣ ಎನ್ನುವುದುಂಟು. ಹಾಗೆಯೇ ನ್ಯೂಟ್ರಲ್ ಎಲ್ಲೋ ಕಡಿದಿದ್ದರೆ ಅದರಲ್ಲೂ ಟೆಸ್ಟರ್ ಹತ್ತುತ್ತದೆ.

ಇನ್ನು ಅರ್ಥಿಂಗ್ ವಿಷಯ. ನಮ್ಮ ಜಗಲಿಯ ಬೋರ್ಡ್ ಬಿಚ್ಚಿದಾಗ ಕೆಲಸಕ್ಕೆ ಬಂದಿದ್ದವರು, 'ಅಣ್ಣ, ಇಲ್ಲಿ ನ್ಯೂಟ್ರಲ್ ಇಲ್ಲ. ಹಸಿರು ತಂತಿ ಇದೆಯಲ್ಲ, ಅದಕ್ಕೇ ಕೊಟ್ಟರೆ ನಡೀತದೆ' ಎಂದರು. ನಡೆಯುವುದೇನೋ ನಿಜ. ಫೇಸ್ ಮತ್ತು ಅರ್ಥ್ ನಡುವೆಯೂ ಮೀಟರ್ 230 ತೋರಿಸುತ್ತದೆ, ಮಾಡ್ಯೂಲ್ ಹತ್ತುತ್ತದೆ. ಆದರೆ ಹಾಗೆ ಮಾಡಲೇಬಾರದು. ಅರ್ಥ್ ತಂತಿ ಎಂದಾದರೂ ತುಂಡಾದರೆ ಅಥವಾ ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದರೆ, ಆ ಕರೆಂಟು ಅರ್ಥ್‌ಗೆ ಜೋಡಿಸಿದ ಎಲ್ಲ ಲೋಹಕ್ಕೂ ಬರುತ್ತದೆ. ಫ್ರಿಜ್ಜಿನ ಮೈಗೆ, ಗೀಸರಿಗೆ, ಕಬ್ಬಿಣದ ಲೈಟು ಕಂಬಕ್ಕೆ. ಆಮೇಲೆ ಗೊತ್ತಾಯಿತು, ನಮ್ಮ ಅಂಗಳದ ಲೈಟಿಗೆ ಹಿಂದೆ ಯಾರೋ ಹೀಗೇ ಕೊಟ್ಟಿದ್ದರು. ಮಳೆ ಬಂದಾಗ ಕಂಬ ಮುಟ್ಟಿದರೆ ಜುಂ ಅನ್ನುತ್ತದೆ ಎಂದು ಅಮ್ಮ ಎರಡು ವರ್ಷದಿಂದ ಹೇಳುತ್ತಲೇ ಇದ್ದರು. ನಾವು ಕಿವಿಗೆ ಹಾಕಿಕೊಂಡಿರಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಈ ಮಾತು ಹೇಳಿದರೆ ಸ್ಮಾರ್ಟ್ ಸ್ವಿಚ್ ಆಮೇಲಾಯಿತು, ಮೊದಲು ಅದನ್ನು ಸರಿ ಮಾಡಿಸಿ.

ನ್ಯೂಟ್ರಲ್ ಅದೇ ಸರ್ಕ್ಯೂಟಿನದ್ದೇ ಆಗಿರಬೇಕು. ಗೇಟ್ ಲೈಟಿನ ಫೇಸ್ ಒಂದು ಎಂಸಿಬಿಯಿಂದ ಬಂದು, ನ್ಯೂಟ್ರಲ್ ಪಕ್ಕದ ಕೋಣೆಯ ಬೇರೆ ಲೈನಿನಿಂದ ತಂದರೆ ಆರ್‌ಸಿಸಿಬಿ ಆಗಾಗ ಬೀಳಬಹುದು, ಅಂದರೆ ತಾನಾಗಿ ಕರೆಂಟು ಕಡಿಯಬಹುದು. ಆರ್‌ಸಿಸಿಬಿ ಮಾಡುವ ಕೆಲಸ ಇಷ್ಟೇ: ಫೇಸಿನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲಿನಲ್ಲಿ ವಾಪಸ್ ಬಂತಾ ಎಂದು ಲೆಕ್ಕ ಇಡುವುದು. ಬೇರೆ ದಾರಿಯಲ್ಲಿ ವಾಪಸ್ ಹೋದರೆ ಲೆಕ್ಕ ತಪ್ಪುತ್ತದೆ, ಅದು ಬೀಳುತ್ತದೆ. ಯುಪಿಎಸ್ ಲೈನಿನ ಲೈಟಾದರೆ ನ್ಯೂಟ್ರಲ್ ಯಾವುದು ಎಂದು ಯುಪಿಎಸ್ ವೈರಿಂಗ್ ಮಾಡಿದವರನ್ನೇ ಕೇಳಿ. ಮೂರು ಫೇಸ್ ಇರುವ ಮನೆಯಲ್ಲಿ ಒಂದೇ ಬೋರ್ಡಿಗೆ ಎರಡು ಫೇಸ್ ಬಂದಿರುವ ಸಾಧ್ಯತೆಯೂ ಇದೆ. ಅವೆರಡರ ನಡುವೆ 400 ವೋಲ್ಟ್ ಇರುತ್ತದೆ. ಮೀಟರಿನಲ್ಲಿ ಅಂಥ ಸಂಖ್ಯೆ ಕಂಡರೆ ಬೋರ್ಡ್ ಮುಚ್ಚಿ, ಗೊತ್ತಿರುವವರನ್ನು ಕರೆಯಿರಿ.

ನ್ಯೂಟ್ರಲ್ ಇಲ್ಲವೇ ಇಲ್ಲ ಎಂದಾದರೆ? ಒಳ್ಳೆಯ ದಾರಿ ಎಂದರೆ ಕಾಂಡ್ಯೂಟ್ ಪೈಪಿನಲ್ಲಿ ಸ್ಪ್ರಿಂಗ್ ಹಾಕಿ ಇನ್ನೊಂದು ಕಪ್ಪು ತಂತಿ ಎಳೆಸುವುದು. ಪೈಪಿನಲ್ಲಿ ಜಾಗ ಇದ್ದರೆ ಅರ್ಧ ದಿನದ ಕೆಲಸ. ನ್ಯೂಟ್ರಲ್ ಬೇಡದ ಸ್ಮಾರ್ಟ್ ಸ್ವಿಚ್‌ಗಳೂ ಸಿಗುತ್ತವೆ. ಅವು ಬಲ್ಬಿನ ಮೂಲಕವೇ ತುಸು ಕರೆಂಟು ಹಾಯಿಸಿಕೊಂಡು ಬದುಕುತ್ತವೆ. ಕಡಿಮೆ ವ್ಯಾಟಿನ ಎಲ್‌ಇಡಿ ಇದ್ದರೆ ಆಫ್ ಮಾಡಿದ ಮೇಲೂ ಬಲ್ಬು ಮಂದವಾಗಿ ಉರಿಯುವುದು, ಮಿನುಗುವುದು ಶುರುವಾಗುತ್ತದೆ. ಅದಕ್ಕೆಂದು ಒಂದು ಕೆಪಾಸಿಟರ್ ಕೊಟ್ಟಿರುತ್ತಾರೆ, ಲೈಟಿನ ತುದಿಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಹಾಕಬೇಕು. ಹೊರಗಿನ ಲೈಟಿನ ಒಳಗೆ, ಮಳೆ ಬಿಸಿಲಿನಲ್ಲಿ ಇನ್ನೊಂದು ಬಿಡಿಭಾಗ ಇಡುವುದು ನನಗೆ ಇಷ್ಟವಿಲ್ಲ. ತಂತಿ ಎಳೆಸುವುದೇ ಮೇಲು.

ಕೊಳ್ಳುವಾಗ

ನಾನು ಆರಿಸುವುದು ಹಳೆಯ ಸ್ವಿಚ್ಚಿನ ಹಿಂದೆ ಕೂರುವ ಚಿಕ್ಕ ರಿಲೇ ಮಾಡ್ಯೂಲ್. ಬೆಂಕಿಪೊಟ್ಟಣದಷ್ಟೇ ದೊಡ್ಡದು. ಟಚ್ ಪ್ಯಾನಲ್ ನೋಡಲು ಚೆಂದ, ಆದರೆ ಕತ್ತಲಲ್ಲಿ ತಡವಿ ಒತ್ತುವ ಕೈಗೆ ಹಳೆಯ ಸ್ವಿಚ್ಚೇ ಗುರುತು.

ಪೆಟ್ಟಿಗೆಯ ಮೇಲೆ ನಾಲ್ಕು ವಿಷಯ ನೋಡಿ. 10 ಆಂಪಿಯರ್ ಅಥವಾ ಹೆಚ್ಚು ಇರಬೇಕು. ಹೊರಗಿನ ಸ್ವಿಚ್ ಜೋಡಿಸಲು ಎಸ್1, ಎಸ್2 ಅಥವಾ ಎಸ್‌ಡಬ್ಲ್ಯೂ ಎಂಬ ಟರ್ಮಿನಲ್ ಇರಬೇಕು, ಗೋಡೆಯ ಸ್ವಿಚ್ ಉಳಿಯುವುದು ಇದರಿಂದಲೇ. ಕರೆಂಟು ಹೋಗಿ ಬಂದಾಗ ಆನ್ ಆಗಬೇಕೋ, ಆಫ್ ಇರಬೇಕೋ, ಮೊದಲಿದ್ದ ಸ್ಥಿತಿಗೆ ಬರಬೇಕೋ ಎಂದು ಆರಿಸುವ ಸೌಲಭ್ಯ ಇರಬೇಕು. ಸೂರ್ಯಾಸ್ತಕ್ಕೆ ಹತ್ತುವ ಟೈಮರ್ ಇರಬೇಕು. ಅಂಗಳದ ಲೈಟು ಮತ್ತು ಗೇಟಿನ ಲೈಟು ಬೇರೆ ಬೇರೆ ಹೊತ್ತಿಗೆ ಆರಬೇಕು ಎಂದಿದ್ದರೆ ಎರಡು ಮಾಡ್ಯೂಲ್ ತನ್ನಿ.

ಇದರ ಜೊತೆಗೆ ಐಎಸ್‌ಐ ಗುರುತಿನ 1 ಅಥವಾ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಒಂದೆರಡು ಮೀಟರ್, ಒತ್ತಿ ಹಿಡಿಯುವ ಲಿವರ್ ಕನೆಕ್ಟರ್‌ಗಳು, ವೈರ್ ಸ್ಟ್ರಿಪ್ಪರ್, ಒಳ್ಳೆಯ ಸ್ಕ್ರೂಡ್ರೈವರ್, ಟಾರ್ಚ್. ತಂತಿ ತಿರುಚಿ ಟೇಪ್ ಸುತ್ತುವ ಹಳೆಯ ಪದ್ಧತಿ ಬಿಡಿ. ವರ್ಷ ಕಳೆದಂತೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಕರೆಂಟು ತೆಗೆಯುವುದು

ಹಗಲಿನಲ್ಲೇ ಶುರು ಮಾಡಿ. ಮೇನ್ ಇಳಿಸಿ. ಯುಪಿಎಸ್ ಇದ್ದರೆ ಅದನ್ನು ಆಫ್ ಮಾಡಿ, ಪ್ಲಗ್ ಕೂಡ ಕಿತ್ತಿಡಿ. ಡಿಬಿ ಬಾಗಿಲಿಗೆ 'ಕೆಲಸ ನಡೀತಿದೆ, ಆನ್ ಮಾಡಬೇಡಿ' ಎಂದು ಚೀಟಿ ಅಂಟಿಸಿ, ಮನೆಯವರಿಗೆಲ್ಲ ಬಾಯಲ್ಲೂ ಹೇಳಿ. ಫ್ಯಾನ್ ನಿಂತಿತು ಎಂದು ಯಾರಾದರೂ ಹೋಗಿ ಮೇನ್ ಏರಿಸಿಬಿಡುತ್ತಾರೆ, ಅಲ್ವಾ?

ಬೋರ್ಡಿನ ಸ್ಕ್ರೂ ಬಿಚ್ಚಿದ ಮೇಲೆ ತಂತಿ ಮುಟ್ಟುವ ಮೊದಲು ಮಲ್ಟಿಮೀಟರಿನಲ್ಲಿ ಮೂರು ಜಾಗ ನೋಡಿ: ಫೇಸ್ ಮತ್ತು ನ್ಯೂಟ್ರಲ್ ನಡುವೆ, ಫೇಸ್ ಮತ್ತು ಅರ್ಥ್ ನಡುವೆ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ. ಮೂರೂ ಸೊನ್ನೆ ಇರಬೇಕು. ಮೀಟರೇ ಕೆಟ್ಟಿಲ್ಲ ಎಂದು ಖಾತ್ರಿಯಾಗಲು ಮೇನ್ ಇಳಿಸುವ ಮೊದಲು ಯಾವುದಾದರೂ ಪ್ಲಗ್ ಪಾಯಿಂಟಿನಲ್ಲಿ ಒಮ್ಮೆ 230 ತೋರಿಸುತ್ತದಾ ನೋಡಿಕೊಂಡಿರಿ. ಕಾಲಿಗೆ ರಬ್ಬರ್ ಚಪ್ಪಲಿ, ಕೈ ಒಣಗಿರಲಿ.

ಈಗ ಫೋಟೋ ತೆಗೆಯಿರಿ. ಎದುರಿನಿಂದ ಒಂದು, ಪಕ್ಕದಿಂದ ಒಂದು. ಹತ್ತು ತಂತಿಗಳಿರುವ ಬೋರ್ಡಿನಲ್ಲಿ ಯಾವುದು ಎಲ್ಲಿತ್ತು ಎಂಬುದು ಹತ್ತೇ ನಿಮಿಷದಲ್ಲಿ ಮರೆತುಹೋಗುತ್ತದೆ.

ಕನೆಕ್ಷನ್

ನಿಮ್ಮ ಹೊರಗಿನ ಲೈಟಿನ ಸ್ವಿಚ್ಚಿನಲ್ಲಿ ಎರಡು ಸ್ಕ್ರೂ ಇವೆ. ಒಂದರಲ್ಲಿ ಫೇಸ್. ಆ ಸ್ಕ್ರೂವಿನಲ್ಲಿ ಒಂದಲ್ಲ, ಎರಡು ತಂತಿ ಇರುವ ಸಾಧ್ಯತೆ ಹೆಚ್ಚು. ಒಂದು ಬರುವ ಫೇಸ್, ಇನ್ನೊಂದು ಪಕ್ಕದ ಸ್ವಿಚ್ಚಿಗೆ ಹೋಗುವ ಲೂಪ್. ಇದನ್ನು ಬಿಚ್ಚಿ ಬರುವ ಫೇಸನ್ನು ಮಾತ್ರ ಮಾಡ್ಯೂಲಿಗೆ ಕೊಟ್ಟರೆ ಬೋರ್ಡಿನ ಉಳಿದ ಸ್ವಿಚ್ಚುಗಳೆಲ್ಲ ಸತ್ತುಹೋಗುತ್ತವೆ. ಹಾಗಾಗಿ ಬಿಚ್ಚಿದ ಎರಡೂ ತಂತಿಯನ್ನು ಒಂದು ಲಿವರ್ ಕನೆಕ್ಟರಿಗೆ ಹಾಕಿ. ಅದೇ ಕನೆಕ್ಟರಿನ ಇನ್ನೊಂದು ತೂತಿನಿಂದ ಹೊಸ ಕೆಂಪು ತಂತಿಯ ತುಂಡನ್ನು ಮಾಡ್ಯೂಲಿನ 'ಎಲ್ ಇನ್'ಗೆ ಕೊಡಿ. ಲೂಪ್ ಮುರಿಯುವುದಿಲ್ಲ, ಮಾಡ್ಯೂಲಿಗೂ ಫೇಸ್ ಸಿಗುತ್ತದೆ.

ಸ್ವಿಚ್ಚಿನ ಎರಡನೇ ಸ್ಕ್ರೂವಿನಲ್ಲಿರುವುದು ಲೈಟಿಗೆ ಹೋಗುವ ತಂತಿ. ಅದನ್ನು ಬಿಚ್ಚಿ ಮಾಡ್ಯೂಲಿನ 'ಎಲ್ ಔಟ್'ಗೆ ಕೊಡಿ. ಕೆಲವು ಮಾಡ್ಯೂಲಿನಲ್ಲಿ ಇದಕ್ಕೆ ಬರೀ 'ಒ' ಎಂದಿರುತ್ತದೆ.

ಪ್ಲಗ್ ಪಾಯಿಂಟಿನ ನ್ಯೂಟ್ರಲ್‌ನಿಂದ ಕಪ್ಪು ತಂತಿಯ ತುಂಡು ತಂದು 'ಎನ್'ಗೆ ಕೊಡಿ. ಮಾಡ್ಯೂಲಿನಲ್ಲಿ ಎರಡು ಎನ್ ಇದ್ದರೆ ನಕ್ಷೆ ನೋಡಿ. ಲೈಟಿನ ನ್ಯೂಟ್ರಲ್ ಮೊದಲೇ ನೇರವಾಗಿ ಹೋಗಿರುವುದರಿಂದ ಎರಡನೆಯದು ಸಾಮಾನ್ಯವಾಗಿ ಖಾಲಿ ಉಳಿಯುತ್ತದೆ.

ಈಗ ಗೋಡೆಯ ಸ್ವಿಚ್ ಖಾಲಿ ನಿಂತಿದೆ, ಅದರಲ್ಲಿ ಯಾವ ತಂತಿಯೂ ಇಲ್ಲ. ಅದನ್ನು ಮಾಡ್ಯೂಲಿನ ಎಸ್1, ಎಸ್2ಕ್ಕೆ ಎರಡು ಚಿಕ್ಕ ತಂತಿಯಿಂದ ಜೋಡಿಸಿ. ಇನ್ನು ಮುಂದೆ ಈ ಸ್ವಿಚ್ ಲೈಟಿನ ಕರೆಂಟನ್ನು ಹೊರುವುದಿಲ್ಲ, ಮಾಡ್ಯೂಲಿಗೆ ಸಂಜ್ಞೆ ಮಾತ್ರ ಕೊಡುತ್ತದೆ.

ಇಲ್ಲಿ ಜೋಪಾನ. ಎಸ್1, ಎಸ್2 ಎಂದಿರುವ ಹಲವು ಮಾಡ್ಯೂಲುಗಳಲ್ಲಿ ಆ ಟರ್ಮಿನಲ್ಲಿಗೆ 230 ವೋಲ್ಟ್ ತಾಗಲೇಬಾರದು. ಸ್ವಿಚ್ಚಿನಲ್ಲಿ ಹಳೆಯ ಫೇಸ್ ಬಿಟ್ಟು ಅದನ್ನೇ ಎಸ್1ಕ್ಕೆ ಕೊಟ್ಟರೆ ಮೇನ್ ಏರಿಸಿದ ಕೂಡಲೇ ಮಾಡ್ಯೂಲ್ ಸುಟ್ಟುಹೋಗುತ್ತದೆ. ಇನ್ನು ಕೆಲವು ಮಾಡ್ಯೂಲುಗಳಲ್ಲಿ ಎಸ್‌ಡಬ್ಲ್ಯೂ ಎಂಬ ಒಂದೇ ಟರ್ಮಿನಲ್ ಇರುತ್ತದೆ. ಅಲ್ಲಿ ಸ್ವಿಚ್ಚಿನ ಮೂಲಕ ಫೇಸನ್ನೇ ಕೊಡಬೇಕು. ಎರಡೂ ತದ್ವಿರುದ್ಧ. ಯೂಟ್ಯೂಬಿನ ವಿಡಿಯೋದಲ್ಲಿ ಬೇರೆ ಮಾಡ್ಯೂಲ್ ಇರಬಹುದು. ನಿಮ್ಮ ಪೆಟ್ಟಿಗೆಯಲ್ಲಿ ಬಂದ ಕಾಗದದ ನಕ್ಷೆಯನ್ನೇ ನೋಡಿ.

ಮುಂಬಾಗಿಲಲ್ಲಿ ಒಂದು, ಮಹಡಿಯಲ್ಲಿ ಒಂದು ಎಂದು ಟೂ ವೇ ಸ್ವಿಚ್ ಇರುವ ಲೈಟಾದರೆ ವೈರಿಂಗ್ ಬೇರೆಯೇ. ಅದಕ್ಕೆ ಹೊಂದುವ ಮಾಡ್ಯೂಲುಗಳಿವೆ, ಆದರೆ ಮೊದಲ ಸಲವೇ ಅದಕ್ಕೆ ಕೈ ಹಾಕಬೇಡಿ.

ಪ್ರತಿ ತಂತಿಯನ್ನೂ ಬಿಗಿ ಮಾಡಿದ ಮೇಲೆ ಮೆಲ್ಲಗೆ ಎಳೆದು ನೋಡಿ. ಸಡಿಲ ಇದ್ದ ಕಡೆ ಬಿಸಿಯಾಗುತ್ತದೆ, ಬೋರ್ಡ್ ಕಪ್ಪಾಗುತ್ತದೆ. ತಾಮ್ರದ ಎಳೆ ಒಂದೂ ಹೊರಗೆ ಚಾಚಿರಬಾರದು.

ಮಾಡ್ಯೂಲ್ ಕೂರಿಸುವುದು

ಮಾಡ್ಯೂಲ್ ಯಾವಾಗಲೂ ಮನೆಯ ಒಳಗೇ ಇರಲಿ. ಗೇಟಿನ ಕಂಬದ ಡಬ್ಬಿಯಲ್ಲಿ, ಸನ್‌ಶೇಡ್ ಕೆಳಗೆ ಇಟ್ಟರೆ ಆಗದೇ ಎಂದು ಕೇಳುತ್ತಾರೆ. ಬೇಡ. ಈ ಮಾಡ್ಯೂಲುಗಳಿಗೆ ನೀರಿನಿಂದ ಯಾವ ರಕ್ಷಣೆಯೂ ಇಲ್ಲ. ಮಲೆನಾಡು, ಕರಾವಳಿಯ ಮಳೆಯಲ್ಲಿ ಗಾಳಿಯ ತೇವವೇ ಸಾಕು, ಸರ್ಕ್ಯೂಟ್ ಹಸಿರು ಹಿಡಿಯುತ್ತದೆ. ಇರುವೆಗಳೂ ಗೂಡು ಕಟ್ಟುತ್ತವೆ.

ಮಾಡ್ಯುಲರ್ ಬಾಕ್ಸಿನ ಒಳಗೆ ಜಾಗ ಇಕ್ಕಟ್ಟಾದರೆ ತುರುಕಬೇಡಿ. ಖಾಲಿ ಜಾಗಕ್ಕೆ ಹಾಕಿದ ಡಮ್ಮಿ ಪ್ಲೇಟಿನ ಹಿಂದೆ ಹೆಚ್ಚು ಜಾಗ ಸಿಗುತ್ತದೆ. ಹಳೆಯ ಮನೆಗಳ ಕಬ್ಬಿಣದ ಬಾಕ್ಸಿನಲ್ಲಿ ವೈಫೈ ಸಿಗ್ನಲ್ ಸೊರಗುತ್ತದೆ. ಮುಂದಿನ ಪ್ಲೇಟು ಪ್ಲಾಸ್ಟಿಕ್ ಆಗಿದ್ದರೆ ಮಾಡ್ಯೂಲನ್ನು ಅದರ ಹತ್ತಿರಕ್ಕೆ ತನ್ನಿ. ನಮ್ಮ ಜಗಲಿಯದು ದಪ್ಪ ಜಂಬಿಟ್ಟಿಗೆ ಗೋಡೆ. ರೂಟರನ್ನು ಒಳಕೋಣೆಯಿಂದ ನಡುಮನೆಗೆ ತಂದ ಮೇಲೆ ತೊಂದರೆ ತೀರಿತು.

ಬೋರ್ಡ್ ಮುಚ್ಚುವ ಮೊದಲು ಎಲ್ಲರನ್ನೂ ದೂರ ನಿಲ್ಲಿಸಿ ಮೇನ್ ಏರಿಸಿ. ಆರ್‌ಸಿಸಿಬಿ ಬೀಳದೆ ನಿಂತಿತಾ, ಮಾಡ್ಯೂಲಿನ ದೀಪ ಮಿನುಗಿತಾ, ಗೋಡೆಯ ಸ್ವಿಚ್ಚಿಗೆ ಲೈಟು ಹತ್ತಿತಾ, ಬೋರ್ಡಿನ ಉಳಿದ ಸ್ವಿಚ್ಚುಗಳು ಕೆಲಸ ಮಾಡುತ್ತವಾ ನೋಡಿ. ಎಲ್ಲ ಸರಿ ಇದ್ದರೆ ಮತ್ತೆ ಮೇನ್ ಇಳಿಸಿ, ಆಮೇಲೆ ಬೋರ್ಡ್ ಮುಚ್ಚಿ.

ಫೋನಿನ ಕೆಲಸ

ಮಾಡ್ಯೂಲನ್ನು ವೈಫೈಗೆ ಸೇರಿಸುವುದು ಸುಲಭ, ಆ್ಯಪ್ ಹೇಳಿದಂತೆ ಮಾಡಿದರಾಯಿತು. ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ, 5 ಗಿಗಾಹರ್ಟ್ಸ್ ಹೆಸರಿಗೆ ಸೇರಿಸಲು ಹೋಗಿ ಸುಮ್ನೆ ಒದ್ದಾಡಬೇಡಿ. ಸೇರಿದ ಮೇಲಿನ ಸೆಟ್ಟಿಂಗ್ ಮುಖ್ಯ.

ಸ್ವಿಚ್ಚಿನ ಬಗೆ ಕೇಳುತ್ತದೆ. ಮಾಮೂಲಿ ಸ್ವಿಚ್ಚಾದರೆ ಟಾಗಲ್ ಅಥವಾ ಎಡ್ಜ್ ಎಂದಿರುವುದನ್ನು ಆರಿಸಿ. ಆಗ ಸ್ವಿಚ್ ಮೇಲಾಗಲಿ ಕೆಳಗಾಗಲಿ, ಸ್ಥಾನ ಬದಲಾದಾಗಲೆಲ್ಲ ಲೈಟು ಬದಲಾಗುತ್ತದೆ. ಇದನ್ನು ಮನೆಯವರಿಗೆ ಹೇಳಿಕೊಡಲೇಬೇಕು. ಮೊದಲ ವಾರ ಅಮ್ಮ ಫೋನ್ ಮಾಡಿ, 'ಸ್ವಿಚ್ ಕೆಳಗಿದ್ದರೂ ಲೈಟು ಆರಿದೆಯಲ್ಲ ಮಾರಾಯ, ಕೆಟ್ಟಿದ್ಯಾ?' ಎಂದು ಕೇಳಿದರು. ಮೇಲೆ ಕೆಳಗೆ ನೋಡಬೇಡಿ, ಸುಮ್ನೆ ಒಂದು ಸಲ ಒತ್ತಿ ಎಂದೆ. ಅಷ್ಟೇ ಸಾಕಾಯಿತು. ಬೇಕಿದ್ದರೆ ಆ ಜಾಗಕ್ಕೆ ಕಾಲಿಂಗ್ ಬೆಲ್ಲಿನ ಪುಶ್ ಸ್ವಿಚ್ ಹಾಕಬಹುದು. ಅದಕ್ಕೆ ಮೇಲೆ ಕೆಳಗೆ ಇಲ್ಲ. ಆ್ಯಪಿನಲ್ಲಿ ಪಲ್ಸ್ ಎಂದು ಬದಲಿಸಬೇಕು.

ಕರೆಂಟು ಬಂದಾಗಿನ ಸ್ಥಿತಿಯನ್ನು 'ಮೊದಲಿದ್ದಂತೆ' ಎಂದು ಇಡಿ. ಆನ್ ಎಂದಿಟ್ಟರೆ ಹಗಲು ಕರೆಂಟು ಹೋಗಿ ಬಂದಾಗೆಲ್ಲ ಗೇಟ್ ಲೈಟು ಹತ್ತಿ ಕೂರುತ್ತದೆ.

ಟೈಮರಿಗೆ ಸೂರ್ಯಾಸ್ತವನ್ನೇ ಆರಿಸಿ, ಗಡಿಯಾರದ ಹೊತ್ತನ್ನಲ್ಲ. ಬೆಂಗಳೂರಿನಲ್ಲಿ ನವೆಂಬರ್ ಕೊನೆಗೆ ಸೂರ್ಯ ಮುಳುಗುವುದು 5.50ರ ಸುಮಾರಿಗೆ. ಜುಲೈ ಮೊದಲ ವಾರ 6.50ರ ಸುಮಾರಿಗೆ. ಒಂದು ಗಂಟೆಯ ವ್ಯತ್ಯಾಸ. ಮಂಗಳೂರಿನಲ್ಲಿ ಇನ್ನೂ ಹತ್ತು ನಿಮಿಷ ತಡ. ಆ್ಯಪಿನಲ್ಲಿ ನಿಮ್ಮ ಊರನ್ನು ಸರಿಯಾಗಿ ಕೊಟ್ಟರೆ ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಮಲೆನಾಡಿನಲ್ಲಿ ಮೋಡದ ದಿನ ಬೇಗ ಕತ್ತಲಾಗುವುದರಿಂದ ನಾನು ಸೂರ್ಯಾಸ್ತಕ್ಕೆ 15 ನಿಮಿಷ ಮೊದಲು ಎಂದು ಇಟ್ಟಿದ್ದೇನೆ.

ಕರೆಂಟು ಇಲ್ಲದ ಹೊತ್ತಿಗೆ ಸರಿಯಾಗಿ ಟೈಮರಿನ ಗಳಿಗೆ ಬಂದರೆ ಅದು ತಪ್ಪಿಹೋಗುತ್ತದೆ. ಆಮೇಲೆ ಕರೆಂಟು ಬಂದರೂ ಲೈಟು ಹತ್ತುವುದಿಲ್ಲ. ಅದಕ್ಕೆ 7.15ಕ್ಕೆ, 8 ಗಂಟೆಗೆ ಇನ್ನೆರಡು ಆನ್ ಟೈಮರ್ ಇಟ್ಟಿದ್ದೇನೆ. ಆಗಲೇ ಹತ್ತಿದ್ದರೆ ಏನೂ ಆಗುವುದಿಲ್ಲ, ತಪ್ಪಿದ್ದರೆ ಹತ್ತುತ್ತದೆ. ಇನ್ನೊಂದು ವಿಷಯ, ಹೆಚ್ಚಿನ ಮಾಡ್ಯೂಲುಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಕರೆಂಟು ಬಂದ ಮೇಲೆ ಇಂಟರ್ನೆಟ್‌ನಿಂದಲೇ ಹೊತ್ತು ತಿಳಿದುಕೊಳ್ಳಬೇಕು. ರೂಟರಿಗೆ ಒಂದು ಪುಟ್ಟ ಯುಪಿಎಸ್ ಇಟ್ಟರೆ ಈ ತಾಪತ್ರಯ ಬಹಳ ಕಡಿಮೆ.

ಉಳಿತಾಯದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಆ 84 ವ್ಯಾಟ್ ರಾತ್ರಿ ಪೂರ್ತಿ 12 ಗಂಟೆ ಉರಿದರೆ ದಿನಕ್ಕೆ ಒಂದು ಯೂನಿಟ್, ತಿಂಗಳಿಗೆ 30. ರಾತ್ರಿ 10.30ಕ್ಕೆ ಗೇಟಿನ ಎರಡು ಬಲ್ಬು ಬಿಟ್ಟು ಉಳಿದದ್ದೆಲ್ಲ ಆರಿದರೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗೆ ತಿಂಗಳಿಗೆ 15 ಯೂನಿಟ್ ಚಿಕ್ಕದಲ್ಲ.

ಹೊರಗಿನ ತುದಿ

ಒಳಗೆ ಎಷ್ಟು ಅಚ್ಚುಕಟ್ಟಾಗಿ ಮಾಡಿದರೂ ಹೊರಗಿನ ಲೈಟಿಗೆ ನೀರು ಹೋದರೆ ಎಲ್ಲ ವ್ಯರ್ಥ. ಮಳೆ ಬೀಳುವ ಕಡೆ ಐಪಿ65 (ದೂಳು, ಮಳೆನೀರು ಒಳಹೋಗದು ಎಂಬ ಗುರುತು) ಎಂದಿರುವ ಲೈಟನ್ನೇ ಹಾಕಿ. ತಂತಿ ಸೇರುವ ಜಾಗಕ್ಕೆ ವಾಟರ್‌ಪ್ರೂಫ್ ಡಬ್ಬಿ, ಅದಕ್ಕೆ ಕೇಬಲ್ ಸುತ್ತ ಬಿಗಿಯಾಗಿ ಹಿಡಿಯುವ ಕೇಬಲ್ ಗ್ಲ್ಯಾಂಡ್ ಇರಲಿ. ಕೇಬಲ್ ಡಬ್ಬಿಯ ಕೆಳಗಿನಿಂದ ಒಳಗೆ ಹೋಗಬೇಕು, ಹೋಗುವ ಮೊದಲು ಸ್ವಲ್ಪ ಜೋತುಬಿದ್ದಿರಬೇಕು. ಆಗ ಕೇಬಲ್ ಮೇಲೆ ಹರಿದು ಬಂದ ನೀರು ಆ ಬಾಗಿದ ಜಾಗದಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ. ಕಬ್ಬಿಣದ ಕಂಬಕ್ಕೆ, ಲೋಹದ ಲೈಟಿಗೆ ಅರ್ಥಿಂಗ್ ತಂತಿ ಬೇಕೇ ಬೇಕು. ಬಿಳಿ ಬೆಳಕಿಗಿಂತ ಹಳದಿ ಬೆಳಕಿನ ಬಲ್ಬಿಗೆ ಹುಳ ಕಡಿಮೆ ಬರುತ್ತವೆ. ಮೊದಲ ಮಳೆ ಬಿದ್ದ ರಾತ್ರಿ ಗೆದ್ದಲ ಹುಳ ಮುತ್ತುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಹೊರಗಿನ ಲೈಟು ಹಾಕಲು ನಾನು ಒಪ್ಪುವುದಿಲ್ಲ. ಮೊದಲು ಅದನ್ನು ಹಾಕಿಸಿ. ಇದ್ದರೆ ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ, ಬೀಳುತ್ತದಾ ನೋಡಿ. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ಮಾಡ್ಯೂಲ್ ಹೋಗುವುದುಂಟು. ಸಿಡಿಲು ಜಾಸ್ತಿ ಇರುವ ಊರಾದರೆ ಡಿಬಿಯಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸುವುದು ಒಳ್ಳೆಯದು.

ತೊಂದರೆ ಬಂದರೆ

ಆಫ್ ಆದರೂ ಬಲ್ಬು ಮಂದವಾಗಿ ಉರಿದರೆ, ನ್ಯೂಟ್ರಲ್ ಇರುವ ಮಾಡ್ಯೂಲಿನಲ್ಲಿ ಎರಡು ಕಾರಣ ಇರಬಹುದು. ಒಂದು, ಸ್ವಿಚ್ಚಿನ ದಾರಿಯಲ್ಲಿ ಫೇಸಿನ ಬದಲು ನ್ಯೂಟ್ರಲ್ ಕಟ್ ಆಗುತ್ತಿದೆ. ಇದು ಅಪಾಯ, ಸರಿ ಮಾಡಿಸಲೇಬೇಕು. ಎರಡು, ಗೇಟಿಗೆ ಹೋಗುವ ಉದ್ದ ಪೈಪಿನಲ್ಲಿ ಜೊತೆಗಿರುವ ಬೇರೆ ತಂತಿಯ ಪ್ರಭಾವ. ಮಳೆ ಬಂದಾಗ ಮಾತ್ರ ಆರ್‌ಸಿಸಿಬಿ ಬಿದ್ದರೆ ಮಾಡ್ಯೂಲನ್ನು ದೂರಬೇಡಿ, ಹೊರಗಿನ ಡಬ್ಬಿಯಲ್ಲಿ ನೀರು ಹುಡುಕಿ. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ ಲೈಟು ಉರಿಸುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ. ಬೋರ್ಡ್ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಚಟಚಟ ಸದ್ದಾದರೆ ಆ ಕೂಡಲೇ ಮೇನ್ ಇಳಿಸಿ ಎಲೆಕ್ಟ್ರಿಷಿಯನ್ ಕರೆಯಿರಿ.

ಕೆಲಸ ಮುಗಿದ ದಿನವೇ ಒಂದು ಕಾಗದದಲ್ಲಿ ನಕ್ಷೆ ಬರೆಯಿರಿ. ಯಾವ ಎಂಸಿಬಿ, ಮಾಡ್ಯೂಲ್ ಯಾವ ಬೋರ್ಡಿನ ಎಷ್ಟನೇ ಸ್ವಿಚ್ಚಿನ ಹಿಂದಿದೆ, ನ್ಯೂಟ್ರಲ್ ಎಲ್ಲಿಂದ ತಂದಿದ್ದು, ಯುಪಿಎಸ್ ಲೈನಾ ಅಲ್ಲವಾ, ಎಲ್ಲವನ್ನೂ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಡಿಬಿ ಬಾಗಿಲಿನ ಒಳಗಡೆ ಅಂಟಿಸಿ. ನೀವಿಲ್ಲದ ದಿನ ರಿಪೇರಿಗೆ ಬಂದವರು ಮಾಡ್ಯೂಲ್ ಇದೆ ಎಂದು ತಿಳಿಯದಿದ್ದರೂ ಬೋರ್ಡ್ ಬಿಚ್ಚುವ ಮೊದಲು ನೋಡುವುದು ಆ ಬಾಗಿಲನ್ನೇ.